ಅಪ್ಪನ ಬ್ರೇಕು, ಅವ್ವನ ವಿಭೂತಿ

ನಮ್ಮ ಕಾರು ನಿಲ್ಲುವುದು ಅಫಜಲಪುರದ ನನ್ನ ತವರಿನ ಅಂಗಳದಲ್ಲಿ. ನನ್ನ ಮನೆ ಎರಡು ಓಣಿ ಆಚೆಗಿದೆ, ಆದರೆ ಆ ಸಂದಿಯಲ್ಲಿ ಎಮ್ಮೆ ಹೋದೀತೇ ಹೊರತು ಕಾರು ಹೋಗುವುದಿಲ್ಲ. ಹೀಗಾಗಿ ಶಾಲೆಗೆ ಹೊರಡುವ ಮುಂಚೆ ತವರಿಗೆ ಹೋಗಿ, ಅವ್ವನ ಚಹಾ ಕುಡಿದು, ಅಪ್ಪನ ಬೈಗುಳ ತಿಂದು ಕಾರು ತೆಗೆಯುವುದು ನನ್ನ ನಿತ್ಯದ ಪದ್ಧತಿ. ಬೈಗುಳವೆಲ್ಲ ಕಾರಿನ ಸಲುವಾಗಿಯೇ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀ, ಹಂಪು ಬಂದರೂ ಗೇರು ಇಳಿಸುವುದಿಲ್ಲ, ಹೀಗೆ. ಅಪ್ಪ ಆಳಂದ, ಮಾದನಹಿಪ್ಪರಗಾ, ಅಫಜಲಪುರ ಎಂದು ಬಸ್ಸು ಓಡಿಸಿ ನಿವೃತ್ತರಾದವರು. ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ ಪಾಠ ಹೇಳುವ ಧೈರ್ಯ ಅವರೊಬ್ಬರಿಗೇ ಇದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಮುಂದಿನ ಗಾಲಿಗಳು ಬ್ರೇಕ್ ಒತ್ತಿದಾಗಲೆಲ್ಲ ಕಿರ್ರೋ ಎಂದು ಕೂಗತೊಡಗಿದವು. ನಾನು ಗೇಟಿನೊಳಗೆ ಬಂದು ನಿಲ್ಲಿಸುವಷ್ಟರಲ್ಲಿ ಅಪ್ಪ ಕಟ್ಟೆಯ ಮೇಲಿನಿಂದಲೇ ತೀರ್ಪು ಕೊಟ್ಟರು.

"ಪ್ಯಾಡ್ ಸವದಾವ. ಹೊಸಾವು ತೊಗೊಂಡು ಬಾ. ಮನ್ಯಾಗೇ ಹಾಕೋಣು."

"ಬ್ಯಾಡಪ್ಪಾ, ಗ್ಯಾರೇಜಿಗೆ ಬಿಡ್ತೇನಿ," ಅಂದೆ. "ಅವರ ಹಂತ್ಯಾಕ ಎಲ್ಲಾ ಸಾಮಾನ ಅದ. ಚಾ ಕುಡಿಯೋದ್ರಾಗ ಮುಗಿಸ್ತಾರ."

ನನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಡ್ರಾಮಿಯಲ್ಲಿರುವ ಸೋದರತ್ತೆಯನ್ನು ನೋಡಲು ಬರುವ ಭಾನುವಾರ ಅಪ್ಪ, ಅವ್ವ, ನಾನು ಮೂವರೂ ಹೋಗುವುದಿತ್ತು. ಜೇವರ್ಗಿ ದಾಟಿ ಅಷ್ಟು ದೂರ ಹೋಗಬೇಕು, ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಾವಳಿ. ಬ್ರೇಕಿನ ವಿಷಯದಲ್ಲಿ ಆಟ ಬೇಡ ಅನ್ನಿಸಿತ್ತು. ಆದರೆ ಗ್ಯಾರೇಜು ಅಂದ ಕೂಡಲೇ ಅಪ್ಪನ ಮುಖ ಸಣ್ಣದಾಯಿತು. ಯಾಕೆಂದು ನನಗೆ ಗೊತ್ತಿತ್ತು.

ಈಗ ಕೆಲವು ಕಾಲದಿಂದ ಅಪ್ಪನಿಗೆ ಕೈ ನಡುಗುವ ಕಾಯಿಲೆ. ಚಹಾದ ಕಪ್ಪು ತುಟಿಗೆ ಹೋಗುವಷ್ಟರಲ್ಲಿ ಅರ್ಧ ಕೆಳಗಿನ ಬಸಿಗೆ ಚೆಲ್ಲಿರುತ್ತದೆ. ಹಿಂದಿನ ಸಲ ಗ್ಯಾರೇಜಿಗೆ ಹೋದಾಗ ಅಪ್ಪ ಅಭ್ಯಾಸಬಲದಿಂದ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡರು. ಅದು ಕೈ ಜಾರಿ ಠಣ್ಣೆಂದು ಬಿತ್ತು. ಗ್ಯಾರೇಜಿನ ಮನುಷ್ಯ ಒಳ್ಳೆಯವನೇ. ಕುರ್ಚಿ ಒರೆಸಿ, "ಕುಂದರ್ರಿ ಕಾಕಾ, ನೀವ್ಯಾಕ ತ್ರಾಸ್ ತೊಗೋತೀರಿ, ಚಾ ಕುಡೀರಿ" ಅಂದ. ಅಪ್ಪ ಕುಳಿತರು. ಆ ಕುರ್ಚಿಯಲ್ಲಿ ಅವರು ಕುಳಿತ ರೀತಿ ನೋಡಿ ನಾನು ಬಿದ್ದ ಪಾನಾ ಎತ್ತಿಡುವ ನೆಪದಲ್ಲಿ ಬಗ್ಗಿದೆ. ಅವತ್ತಿನಿಂದ ಆ ಕುರ್ಚಿಗೆ ಹೆದರುತ್ತಿದ್ದರು ಅಪ್ಪ, ಮನುಷ್ಯನಿಗಲ್ಲ.

"ನನ್ನ ಕೈ ನಡಗ್ತಾವ, ಬಾಯಿ ನಡಗಂಗಿಲ್ಲ," ಅಂದರು. "ನಾ ಹೇಳ್ತೇನಿ, ನೀ ಮಾಡು. ಸರಿ ಬರಲಿಲ್ಲಂದ್ರ ಇನ್ಮ್ಯಾಗ ಕಾರು ಗ್ಯಾರೇಜಿಗೇ ಹಾಕು. ನಾ ತುಟಿ ಬಿಚ್ಚಂಗಿಲ್ಲ."

ಅಪ್ಪ ತುಟಿ ಬಿಚ್ಚದೆ ಇರುವುದೆಂದರೆ ಏನೆಂದು ಯೋಚಿಸಿಯೇ ನನಗೆ ಭಯವಾಯಿತು. ಒಪ್ಪಿಕೊಂಡೆ.

ಶುಕ್ರವಾರ ಸಂಜೆ ಹೊಸ ಪ್ಯಾಡಿನ ಡಬ್ಬಿ ತಂದು ಶುರು ಮಾಡಿದೆವು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ನಟ್ಟು ಸಡಿಲಿಸಿ, ಜಾಕ್ ಏರಿಸಿ, ಎಡಗಡೆಯ ಗಾಲಿ ಬಿಚ್ಚಿದೆ. ಅಪ್ಪ ಗೋಣಿತಟ್ಟಿನ ಮೇಲೆ ಕುಳಿತು ನಿರ್ದೇಶನ ಕೊಡುತ್ತಿದ್ದರು. ಒಳಗೆ ಒಂದು ಕಬ್ಬಿಣದ ದವಡೆ, ಅದರ ಎರಡು ಬದಿಗೆ ಎರಡು ಪ್ಯಾಡು, ನಡುವೆ ಗಾಲಿಯ ಜೊತೆ ತಿರುಗುವ ಡಿಸ್ಕು. ದವಡೆ ಕಚ್ಚಿದರೆ ಗಾಲಿ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಆದರೆ ಜಂಗು ಹಿಡಿದ ಬೋಲ್ಟಿಗೆ ನನ್ನ ಪದವಿ ಪತ್ರಗಳ ಮೇಲೆ ಯಾವ ಗೌರವವೂ ಇರಲಿಲ್ಲ. ಪಾನಾದ ಮೇಲೆ ಕಾಲಿಟ್ಟು ಒದ್ದೆ. ಬಿಚ್ಚಿತು. ಹೊಸ ಪ್ಯಾಡು ಕೂರಿಸಿ, ಹುರುಪಿನಲ್ಲಿ ವಾಪಸು ಬಿಗಿಯುವಾಗಲೂ ಒದೆಯಹೋದೆ.

"ಹೊಸದರಾಗ ಅಗಸ ಎತ್ತೆತ್ತಿ ಒಗೆದ್ನಂತ! ಸಾಕು ಬಿಡಬೇ, ಬೋಲ್ಟ್ ಕಿತ್ತೀತು," ಅಂತ ಅಪ್ಪ ನಕ್ಕರು. ಆ ನಗು ಕೇಳಿ ಬಹಳ ಕಾಲವಾಗಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನೂ ಕೈ ನಿಲ್ಲಿಸಿ ಬಾಗಿಲಿಗೆ ಬಂದು ನೋಡಿದಳು.

ಎಡಗಡೆ ಮುಗಿಯುವ ಹೊತ್ತಿಗೆ ಕತ್ತಲಾಯಿತು. ಬಲಗಡೆಯದು ನಾಳೆ ಅಂದುಕೊಂಡು, ಉಳಿದ ಎರಡು ಪ್ಯಾಡುಗಳನ್ನು ಅಂಗಳದ ಕಟ್ಟೆಯ ಮೇಲೆ ಬಿಟ್ಟು ನಾನು ಮನೆಗೆ ಹೋದೆ.

ಮರುದಿನ ಬಂದು ನೋಡಿದರೆ ಅವು ದೇವರ ಜಗಲಿಯ ಮೇಲಿದ್ದವು, ಬೆನ್ನಿನ ಮೇಲೆ ವಿಭೂತಿ ಧರಿಸಿಕೊಂಡು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಗೆ ಹೊಸದಾಗಿ ಬಂದ ಯಾವ ವಸ್ತುವೂ ಜಗಲಿ ಹತ್ತದೆ ಕೆಲಸಕ್ಕೆ ಇಳಿಯುವಂತಿಲ್ಲ. ಮಿಕ್ಸರು ಹತ್ತಿದೆ, ನನ್ನ ಮೊಬೈಲು ಹತ್ತಿದೆ, ಟಿವಿಯ ರಿಮೋಟು ಕೂಡ ಲಿಂಗದ ಪಕ್ಕದಲ್ಲಿ ಒಂದು ರಾತ್ರಿ ವಸ್ತಿ ಮಾಡಿದೆ. ಅಪ್ಪ ಬಸ್ಸು ಓಡಿಸುವಾಗ ಅವ್ವ ವಿಭೂತಿಯ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಬುತ್ತಿಯ ಜೊತೆ ಕೊಡುತ್ತಿದ್ದಳು. ಯಾವ ಬಸ್ಸು ಸಿಕ್ಕರೂ ಅದರ ಸ್ಟೇರಿಂಗಿಗೆ ಹಚ್ಚಿಯೇ ಅಪ್ಪ ಗಾಡಿ ಎತ್ತುತ್ತಿದ್ದರು. ಪ್ಯಾಡುಗಳ ಮೇಲಿನ ವಿಭೂತಿ ಒರೆಸಿದೆ. ಅವುಗಳ ಮುಖ ಸ್ವಲ್ಪ ಹೊಳೆಯುತ್ತಿದೆ ಅನ್ನಿಸಿತು. ಹೊಸ ಸಾಮಾನು, ಹೊಳಪಿರುತ್ತದೆ ಅಂದುಕೊಂಡು ಬಲಗಡೆಯ ಗಾಲಿಗೆ ಹಾಕಿ ಮುಗಿಸಿದೆ.

ಪರೀಕ್ಷೆ ಮಾಡಲು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಹೊರಗಿನ ಖಾಲಿ ರಸ್ತೆಗೆ ಹೋದೆ. ನಿಧಾನಕ್ಕೇ ಹೋಗುತ್ತಿದ್ದೆವು. ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಎಡಕ್ಕೆ ಎಳೆಯಿತು. ಮತ್ತೆ ಒತ್ತಿದೆ, ಮತ್ತೆ ಎಡಕ್ಕೇ. ಎಡಗಡೆಯ ಗಾಲಿ ಹಿಡಿಯುತ್ತಿತ್ತು, ಬಲಗಡೆಯದು ಜಾರುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದು ಜಾಲಿಗಿಡದ ಬದಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಒಂದು ವಾಸನೆ ಬಂತು. ರಬ್ಬರಿನದಲ್ಲ, ಡೀಸೆಲ್ಲಿನದೂ ಅಲ್ಲ. ಯಾರೋ ಹತ್ತಿರದಲ್ಲೇ ಮಿರ್ಚಿ ಭಜಿ ಕರಿಯುತ್ತಿದ್ದಾರೆ ಅನ್ನುವಂಥ ವಾಸನೆ. ಸುತ್ತ ನೋಡಿದರೆ ತೊಗರಿ ಹೊಲ ಬಿಟ್ಟು ಏನೂ ಇಲ್ಲ.

ಅಪ್ಪ ಇಳಿದು ಸುತ್ತು ಹಾಕಿ ಬಲಗಡೆಯ ಗಾಲಿಯ ಮುಂದೆ ಬಗ್ಗಿದರು. ಸಣ್ಣಗೆ ಹೊಗೆ ಬರುತ್ತಿತ್ತು. ಮೂಸಿದರು. ನಾನೂ ಬಗ್ಗಿ ಮೂಸಿದೆ. ನಮ್ಮ ಅಡುಗೆಮನೆಯದೇ ಕುಸುಬಿ ಎಣ್ಣೆ!

ಆಗ ಹೊಳೆಯಿತು. ನಮ್ಮಲ್ಲಿ ಹೊಸ ಹಂಚು ತಂದರೂ, ಕಳೆ ತೆಗೆಯಲು ಹೊಸ ಕುರ್ಪಿ ತಂದರೂ ಜಂಗು ಹಿಡಿಯದಿರಲಿ ಎಂದು ಮೊದಲು ಎಣ್ಣೆ ಉಣಿಸುತ್ತಾರೆ. ಕಬ್ಬಿಣದ ಸಾಮಾನು ಕತ್ತಲಲ್ಲಿ ಅಂಗಳದಲ್ಲಿ ಬಿದ್ದಿರುವುದು ನೋಡಿ ಅವ್ವ ಒಳಗೆ ತಂದಿದ್ದಾಳೆ, ಮೈತುಂಬ ಎಣ್ಣೆ ತಿಕ್ಕಿದ್ದಾಳೆ, ಸೆರಗಿನಿಂದ ಒರೆಸಿದ್ದಾಳೆ, ವಿಭೂತಿ ಹಚ್ಚಿದ್ದಾಳೆ. ಪ್ಯಾಡಿನ ಕೆಲಸವೇ ಜಾರದೆ ಹಿಡಿಯುವುದು ಅಂತ ಅವಳಿಗೆ ಯಾರು ಹೇಳಿದ್ದರು?

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅಪ್ಪನಿಗೆ ಯಾವುದೂ ಬರಲಿಲ್ಲ. ಕಾರಿನ ಮೈ ಹಿಡಿದು ಎದ್ದು ನಿಂತು, "ಸಾವಕಾಶ ಮನಿಗೆ ನಡಿ," ಅಂದರು. ಹಂತ ಹಂತಕ್ಕೆ ಹ್ಯಾಂಡ್ ಬ್ರೇಕ್ ಎಳೆಯುತ್ತ, ಎತ್ತಿನ ಗಾಡಿಗಿಂತ ನಿಧಾನವಾಗಿ ಮನೆ ಸೇರಿದೆವು.

ಅವ್ವ ಗೇಟಿನಲ್ಲೇ ನಿಂತಿದ್ದಳು. "ಹೆಂಗಾತ್ರಿ?"

"ಬರೋಬರಿ ಆಗಲಿಲ್ಲ," ಅಂದರು ಅಪ್ಪ. "ನಾ ಹೇಳೋದ್ರಾಗೇ ಏನೋ ತಪ್ಪೇನಿ. ವಯಸ್ಸಾತು. ನಾಳಿಗಿ ಗ್ಯಾರೇಜಿಗೆ ಹಾಕ್ತಾಳ ಬಿಡು."

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡಿತು. ಅವ್ವ ಒಂದು ಗಳಿಗೆ ಕಾರಿನ ಹತ್ತಿರ ನಿಂತು ಒಳಗೆ ಹೋದಳು. ಆಮೇಲೆ ನಾನು ಅಪ್ಪನ ಮೇಲೆ ರೇಗಿದೆ. ತಪ್ಪೇ ಮಾಡದೆ ತಪ್ಪು ಒಪ್ಪಿಕೊಂಡು, ಆ ಕುರ್ಚಿಯಲ್ಲಿ ಹೋಗಿ ಕೂರುವುದಕ್ಕೆ ಯಾಕೆ ತಯಾರಾದಿ ಅಂತ ಕೇಳಿದೆ.

"ಸಣ್ಣ ದನಿಲೇ ಮಾತಾಡು," ಅಂದರು. "ನಾ ಡ್ಯೂಟಿ ಮಾಡೋತನಕ ಆಕಿ ವಿಭೂತಿ ಕಟ್ಟಿ ಕಳಸ್ಯಾಳ. ಅದರಿಂದನೇ ನಾ ಮನಿ ಮುಟ್ಟೇನಿ ಅಂತ ತಿಳದಾಳ. ಈಗ ಆಕಿ ಕೈಯಿಂದನೇ ಬ್ರೇಕ್ ಕೆಟ್ಟದ ಅಂತ ಗೊತ್ತಾದ್ರ, ಆಕಿ ಮತ್ತ ಯಾವುದಕ್ಕೂ ಕೈ ಹಚ್ಚಂಗಿಲ್ಲ. ಗ್ಯಾರೇಜ್ ಆದ್ರ ಆಗ್ಲಿ."

ಕೈ ನಡುಗುತ್ತಲೇ ಇತ್ತು. ಅದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡಿದ್ದರು. ಅಪ್ಪ ಹೀಗೆ ಪ್ರೀತಿಸಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ಬಾಯಿ ಬಿಟ್ಟು ಹೇಳಿದವರಲ್ಲ.

ಭಾನುವಾರ ನಸುಕಿನಲ್ಲೇ ಅವ್ವನ ಫೋನು ಬಂತು. "ಗ್ಯಾರೇಜ್ ಬ್ಯಾಡ. ಅಂಗಡಿ ತೆಗಸಿ ಹೊಸಾವು ತೊಗೊಂಡು ಬಾ," ಅಂದವಳೇ ಇಟ್ಟುಬಿಟ್ಟಳು.

ನಾನು ಹೊಸ ಡಬ್ಬಿಯೊಂದಿಗೆ ಹೋದಾಗ ಅಂಗಳದಲ್ಲಿ ಗೋಣಿತಟ್ಟು ಹಾಸಿತ್ತು, ಜಾಕು, ಪಾನಾ ಎಲ್ಲ ಸಾಲಾಗಿದ್ದವು. ಅವ್ವ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದಳು, ಮುಟ್ಟಿದರೆ ಏನಾದರೂ ಕೆಟ್ಟೀತು ಅನ್ನುವ ಹಾಗೆ. ಅಪ್ಪ ಹೊರಗೆ ಬಂದು, ಹಾಸಿದ ತಟ್ಟು ನೋಡಿ, ನನ್ನ ಮುಖ ನೋಡಿದರು. ನಾನು ಹೇಳಿಲ್ಲ ಅಂತ ತಲೆಯಾಡಿಸಿದೆ.

"ಆಕಿ ಕಡೆ ಏನ್ ನೋಡ್ತೀರಿ?" ಅಂದಳು ಅವ್ವ. "ಒಲಿ ಮುಂದ ಬೆಳದಾಕಿ ನಾ. ಕುಸುಬಿ ಎಣ್ಣಿ ಸುಟ್ಟ ವಾಸನಿ ನನಗ ಗೊತ್ತಾಗಂಗಿಲ್ಲೇನ್ರಿ? ನಂದು ತಪ್ಪು ಇತ್ತು. ನೀವ್ಯಾಕ ಹೊತಗೊಂಡ್ರಿ?" ಎರಡು ಹೆಜ್ಜೆ ಅಪ್ಪನ ಹತ್ತಿರ ಬಂದಳು. "ನಿಮಗೇನರ ಆಗಿದ್ರ..."

"ಏನಾಗಿಲ್ಲಲ್ಲ," ಎಂದು ಗೊಣಗಿ ಅಪ್ಪ ತಟ್ಟಿನ ಮೇಲೆ ಕುಳಿತು, ನನ್ನನ್ನು ಬೈಯಲು ಶುರು ಮಾಡಿದರು.

ಮತ್ತೆ ಎಲ್ಲ ಬಿಚ್ಚಿದೆ. ಎಣ್ಣೆ ಕುಡಿದ ಪ್ಯಾಡು ಎಸೆದು, ಡಿಸ್ಕನ್ನು ಪೆಟ್ರೋಲಿನಿಂದ ಉಜ್ಜಿ ಉಜ್ಜಿ ಒರೆಸಿ, ಎರಡೂ ಕಡೆ ಹೊಸವನ್ನೇ ಹಾಕಿದೆ. ಕೊನೆಯ ಕೆಲಸ, ಕಾರು ಹೊರಡಿಸುವ ಮುಂಚೆ ಪೆಡಲನ್ನು ಮೇಲಿಂದ ಮೇಲೆ ಒತ್ತಿ ಬಿಗಿ ಬರಿಸುವುದು. ಅದನ್ನು ಅಪ್ಪನಿಗೇ ಬಿಟ್ಟೆ. ಕೈ ನಡುಗುತ್ತದೆ, ಕಾಲಿಗೇನಾಗಿದೆ? ಬಹಳ ಕಾಲದ ಮೇಲೆ ಅಪ್ಪ ಡ್ರೈವರ್ ಸೀಟಿನಲ್ಲಿ ಕುಳಿತರು. ಒತ್ತಿದರು, ಬಿಟ್ಟರು, ಒತ್ತಿದರು. "ಬಂತು," ಅಂದರು.

ಪರೀಕ್ಷೆಯೂ ಆಯಿತು. ಕಾರು ನೆಟ್ಟಗೆ ನಿಂತಿತು. ಜೇವರ್ಗಿ ಕಡೆ ಹೊರಡಲು ಬುತ್ತಿ ಕಟ್ಟಿಕೊಂಡು ಹೊರಗೆ ಬಂದ ಅವ್ವನ ಕೈಯಲ್ಲಿ ವಿಭೂತಿಯ ಗಟ್ಟಿ ಇತ್ತು. ಬಾನೆಟ್ಟಿನ ಮುಂದೆ ನಿಂತಳು, ಹಚ್ಚಲೋ ಬೇಡವೋ ಎಂದು ಗೊತ್ತಾಗದೆ. ಅಪ್ಪ ಅದನ್ನು ನೋಡಿ ಕಾರಿನಿಂದ ಇಳಿದು ಬಂದು, ನಡುಗುವ ಬಲಗೈಯನ್ನು ಅವಳ ಮುಂದೆ ಚಾಚಿದರು.

"ಇದಕ್ಕ ಹಚ್ಚು," ಅಂದರು. "ಕೆಟ್ಟಿರೋದು ಇದು."

ಅವ್ವ ಬುತ್ತಿಯನ್ನು ಕಾರಿನ ಕಿಟಕಿಯಿಂದ ನನಗೆ ಕೊಟ್ಟು, ಎಡಗೈಯಲ್ಲಿ ಆ ಕೈಯನ್ನು ಹಿಡಿದು, ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಆಮೇಲೂ ಬಿಡಲಿಲ್ಲ. ಅವಳು ಹಿಡಿದಿದ್ದಷ್ಟೂ ಹೊತ್ತು ಅಪ್ಪನ ಕೈ ನಡುಗಲಿಲ್ಲ. ನಾನು ಕಾರು ಚಾಲೂ ಮಾಡದೆ ಕಾದೆ.