ಗುಂಡಿ ಒತ್ತಿದರೆ ಹಾಡುವ ಕಲ್ಲು

“ಆಗ ನಾನು ಚಹಾ ಕೊಡೋ ಹುಡುಗಿ ಕಣೆ, ಯೊಶಿನೊ. ಹತ್ತೊಂಬತ್ತು ವರ್ಷ. ಟೋಕಿಯೊದಲ್ಲಿ ಹಾಡು ರೆಕಾರ್ಡ್ ಮಾಡೋ ಜಾಗ. ಹಾಡಿನ ಮಧ್ಯೆ ಹಿಂದಿನಿಂದ ಗುನುಗೋಕೆ ಅಂತ ಒಬ್ಬ ಹೆಂಗಸನ್ನ ಗೊತ್ತು ಮಾಡಿದ್ರು. ಆವತ್ತು ಜ್ವರ ಅಂತ ಅವಳು ಬರಲೇ ಇಲ್ಲ. ವಾದ್ಯದವರೆಲ್ಲ ಗಡಿಯಾರ ನೋಡ್ತಾ ಕೂತವ್ರೆ. ಕನ್ನಡಕದ ಯಜಮಾನ ನನ್ನ ಕಡೆ ತಿರುಗಿ, ‘ಏ, ಲೋಟ ತೊಳೆಯುವಾಗ ಗುನುಗ್ತಿರ್ತೀಯಲ್ಲ, ಬಾ ಇಲ್ಲಿ’ ಅಂದ. ಕೈ ಒರೆಸ್ಕೊಂಡು ಹೋಗಿ ನಿಂತೆ. ಎರಡು ಸಲ ಗುನುಗಿದೆ. ‘ಸಾಕು, ಇನ್ನು ಚಹಾ ತಾ’ ಅಂದ. ತಂದುಕೊಟ್ಟೆ. ರೆಕಾರ್ಡಿನ ಮೇಲೆ ನನ್ನ ಹೆಸರು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಹೇಳು? ಏನೋ ಇರ್ಲೇಬೇಕು ಅದರ ಹಿಂದೆ.”

ಸುಗಿಯೆ ಅಕ್ಕ ಇದನ್ನು ನನಗೆ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ನಾನು ಹೂಂಗುಟ್ಟುತ್ತಿದ್ದೆ. ನಂಬಿರಲಿಲ್ಲ.

“ಕೊಡೆ ಮರೆತ ಬಂದರು” ಎಂಬ ಆ ಹಾಡು ನಮ್ಮ ಊರಿನ ಬಂದರಿನ ಮೇಲೆ ಕಟ್ಟಿದ್ದು. ಹಾಗಾಗಿ ಊರಲ್ಲಿ ಎಲ್ಲರಿಗೂ ಅದರಲ್ಲಿ ಒಂದು ಪಾಲು ಬೇಕು. ಮರೆತುಹೋದ ಕೊಡೆ ತನ್ನ ತಾಯಿಯದೇ ಎಂದು ಮೀನಿನ ಅಂಗಡಿಯವನು ಹೇಳುತ್ತಾನೆ. ಅಂಥ ಕಡೆ ಇವಳ ಗುನುಗು ಯಾವ ದೊಡ್ಡದು? ಸಾಲದ್ದಕ್ಕೆ ಇವಳದು ಎಲ್ಲದರಲ್ಲೂ ಅನುಮಾನ ಪಡುವ ಸ್ವಭಾವ. ಊರಿನವರೆಲ್ಲ ದುಡ್ಡು ಕೊಟ್ಟು ಮೀಯುವ ಸ್ನಾನದ ಮನೆ ಇವಳದು. ಗಂಡ ಹೋದ ಮೇಲೂ ಒಬ್ಬಳೇ ನಡೆಸುತ್ತಾಳೆ. ಯಾರಾದರೂ ಬೇಗ ಸ್ನಾನ ಮುಗಿಸಿ ಎದ್ದರೆ, ನೀರು ಸರಿಯಿಲ್ಲವೆಂದು ಬೇರೆ ಕಡೆ ಹೇಳಿಕೊಂಡು ಬರಲು ಹೊರಟಿದ್ದಾರೆ ಎಂದುಕೊಳ್ಳುತ್ತಾಳೆ. ತಡವಾಗಿ ಎದ್ದರೆ, ಮಾತು ಕದ್ದು ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾಳೆ.

ಹಾಡಿಗೆ ಐವತ್ತು ತುಂಬಿದ ವರ್ಷ ರೈಲು ನಿಲ್ದಾಣದ ಮುಂದೆ ಅದರ ನೆನಪಿಗೆ ಒಂದು ಕಲ್ಲು ನಿಲ್ಲಿಸುವುದೆಂದಾಯಿತು. ಗುಂಡಿ ಒತ್ತಿದರೆ ಹಾಡು ಕೇಳಬೇಕು. ವಿದ್ಯುತ್ ಸಾಮಾನಿನ ಅಂಗಡಿಯ ಕಿಕುತಾ ನಮ್ಮ ಬೀದಿ ಸಂಘದ ಅಧ್ಯಕ್ಷ. ಅವನೇ ತಂತಿ ಎಳೆದು ಒಂದು ಬೆಳಿಗ್ಗೆ ಪರೀಕ್ಷೆಗೆಂದು ನಮ್ಮಿಬ್ಬರ ಮುಂದೆ ಗುಂಡಿ ಒತ್ತಿದ. ಹಾಡು ಚೆನ್ನಾಗಿಯೇ ಬಂತು. ಗುನುಗು ಬರಬೇಕಾದ ಕಡೆ ಮಾತ್ರ ಕೊಳಲು ಬಂತು.

“ಇದು ಯಾವುದು?” ಎಂದಳು ಸುಗಿಯೆ.

“ಹದಿನೈದು ವರ್ಷ ಬಿಟ್ಟು ಅದೇ ಗಾಯಕ ಮತ್ತೆ ಹಾಡಿದ್ದು ಅಮ್ಮಾ. ಸದ್ದು ಸ್ವಚ್ಛವಾಗಿದೆ.”

“ನನ್ನ ಗಂಟಲು ಗಲೀಜಾಗಿತ್ತಾ?”

“ನಿಮ್ಮ ಗಂಟಲ ಸುದ್ದಿ ಯಾರು ಎತ್ತಿದ್ರು? ಈಚೆಗೆ ಟೀವೀಲಿ ಕುಣಿಯೋ ಒಬ್ಬ ಹುಡುಗಿ ಇದೇ ಹಾಡು ಹಾಡಿದ್ದಾಳಲ್ಲ, ಅದನ್ನ ಹಾಕಿಲ್ಲ, ಸಂತೋಷಪಡಿ. ಅದರಲ್ಲಿ ಗುನುಗೂ ಇಲ್ಲ, ಕೊಳಲೂ ಇಲ್ಲ. ಬರೀ ಚಪ್ಪಾಳೆ.”

“ಬೇಕಂತಲೇ ತೆಗೆಸಿದ್ದೀಯ. ಯಾರು ಹೇಳಿಕೊಟ್ರು ನಿಂಗೆ?”

ಕಿಕುತಾ ಅಂಗಡಿಗೆ ಹೋಗಿ ಸುತ್ತೋಲೆಯ ಹಲಗೆ ತಂದ. ಯಾವ ಸುದ್ದಿಯಿದ್ದರೂ ಆ ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ಕಳಿಸುವುದು, ಓದಿದವರು ಸಹಿಯ ಬದಲು ತಮ್ಮ ಹೆಸರಿನ ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸುವುದು ನಮ್ಮ ಪದ್ಧತಿ. ಹೊಸ ರೆಕಾರ್ಡಿಂಗ್ ಹಾಕುತ್ತೇವೆ, ಒಪ್ಪಿಗೆಯಿದ್ದರೆ ಮೊಹರು ಒತ್ತಿ ಎಂದು ಅದರಲ್ಲಿತ್ತು. ಹನ್ನೆರಡು ಮನೆಯ ಮೊಹರೂ ಇತ್ತು. ಕೊನೆಯಲ್ಲಿ, ನನ್ನದರ ಕೆಳಗೆ, ಸುಗಿಯೆಯದು.

“ಇದು ನಾನು ಒತ್ತಿದ್ದಲ್ಲ. ನಿಂದು ನನಗಿಂತ ಮುಂಚಿನ ಮನೆ,” ಎಂದು ನನ್ನ ಕಡೆ ತಿರುಗಿದಳು. “ನನ್ನ ಮೊಹರು ಎಲ್ಲಿಡ್ತೀನಿ ಅಂತಾನೂ ನಿಂಗೆ ಗೊತ್ತು.”

“ಅಕ್ಕಾ, ಮೊಹರಿನ ಸುತ್ತ ಶಾಯಿ ನೀರಿಗೆ ಹರಡಿದೆ ನೋಡು. ಒದ್ದೆ ಕೈಯಲ್ಲಿ ಮೊಹರು ಒತ್ತೋರು ಈ ಬೀದೀಲಿ ಇನ್ಯಾರಿದ್ದಾರೆ?”

ಅವಳು ಹಲಗೆಯನ್ನು ದಿಟ್ಟಿಸಿದಳು. ಅದನ್ನು ಕಿಕುತಾನ ಕೈಗಿಟ್ಟು ಹೊರಟುಹೋದಳು. ಮೂರು ದಿನ ನನ್ನನ್ನು ಮಾತಾಡಿಸಲಿಲ್ಲ. ನನಗೂ ನೆಟ್ಟಗೆ ಊಟ ಸೇರಲಿಲ್ಲ. ನಿಜ ಹೇಳಬೇಕೆಂದರೆ ಆ ಕಾಗದವನ್ನು ನಾನೂ ಓದಿರಲಿಲ್ಲ. ಒಲೆಯ ಮೇಲೆ ಮೂಲಂಗಿ ಬೇಯುತ್ತಿತ್ತು, ಮೊಹರು ಒತ್ತಿ ಅವಳ ಬಾಗಿಲಿಗೆ ಒರಗಿಸಿ ಬಂದಿದ್ದೆ.

ನಾಲ್ಕನೆಯ ದಿನ ನನ್ನ ಗಂಡನ ಕಾಲದ ಹಳೆಯ ರೆಕಾರ್ಡನ್ನು ಕಿಕುತಾನ ಅಂಗಡಿಗೆ ಒಯ್ದು ಹಾಕಿಸಿದೆ. ನನಗೆ ಸ್ವರಗಿರ ತಿಳಿಯದು. ಆದರೆ ಸುಗಿಯೆಯ ಉಸಿರು ತಿಳಿಯುತ್ತದೆ. ದಿನಾ ಬೆಳಿಗ್ಗೆ ರೇಡಿಯೊ ಹಾಕಿಕೊಂಡು ಬೀದಿಯವರೆಲ್ಲ ಮಾಡುವ ವ್ಯಾಯಾಮಕ್ಕೆ ನನ್ನ ಪಕ್ಕ ನಿಂತು ಅವಳು ಅದರ ರಾಗ ಗುನುಗುತ್ತಾಳೆ. ಮೊಮ್ಮಗಳನ್ನು ಮಲಗಿಸುವಾಗ ಜೋಗುಳ ಗುನುಗುತ್ತಿದ್ದಳು. ಯಾವ ರಾಗವಾದರೂ ಸರಿ, ಎಲ್ಲರೂ ಉಸಿರೆಳೆಯುವ ಕಡೆ ಅವಳು ಎಳೆಯುವುದಿಲ್ಲ. ಇನ್ನೆರಡು ಹೆಜ್ಜೆ ಮುಂದೆ ಹೋಗಿ, ಸಾಲಿನ ನಡುವೆ, ಬಿಸಿ ನೀರಿಗೆ ಕಾಲಿಟ್ಟವಳ ಹಾಗೆ ಮೂಗಿನಿಂದ ಚುರ್ರೆಂದು ಎಳೆದುಕೊಳ್ಳುತ್ತಾಳೆ.

ರೆಕಾರ್ಡು ತಿರುಗಿತು. ಗುನುಗು ಬಂತು. ಎಳೆಯ ದನಿ, ಯಾರದಾದರೂ ಆಗಿರಬಹುದಿತ್ತು. ಸಾಲಿನ ನಡುವೆ ಚುರ್ರೆಂದಿತು.

“ಇನ್ನೊಂದು ಸಲ ಹಾಕಪ್ಪ,” ಎಂದೆ. ಐದು ಸಲ ಹಾಕಿಸಿದೆ. ಮೂವತ್ತು ವರ್ಷ ನಾನು ಹೂಂಗುಟ್ಟಿದ್ದೆಲ್ಲ ಸುಳ್ಳು ಎಂದು ನೆನೆದು ಕಿವಿ ಬಿಸಿಯಾಯಿತು.

“ಹಲಗೆ ಮತ್ತೆ ಕಳಿಸು,” ಎಂದೆ.

“ಅಯ್ಯೋ, ತಂತಿ ಎಳೆದಾಗಿದೆ ಅಮ್ಮಾ!”

“ನೀನು ತಾನೇ ಎಳೆದದ್ದು? ಇನ್ನೊಂದು ಸಲ ಎಳಿ.”

ಕಾಗದವನ್ನು ನಾನೇ ಬರೆದೆ: “ಕಲ್ಲಿಗೆ ಹಳೆಯ ರೆಕಾರ್ಡೇ ಬೇಕು. ಅದರಲ್ಲಿ ಗುನುಗಿದವಳು ಸ್ನಾನದ ಮನೆಯ ಸುಗಿಯೆ. ನಾನು ಕಿವಿಯಾರೆ ಕೇಳಿದ್ದೇನೆ.” ಎರಡೇ ದಿನದಲ್ಲಿ ಹಲಗೆ ಹನ್ನೊಂದು ಮನೆ ದಾಟಿತು. ಹನ್ನೊಂದು ಮೊಹರು. ಬರೆದ ನನ್ನನ್ನು ಬಿಟ್ಟರೆ ಒಬ್ಬರೂ ಓದಿರಲಿಲ್ಲ. ಮೀನಿನ ಅಂಗಡಿಯವನನ್ನು ಕೇಳಿದರೆ, “ಕಸ ಹಾಕೋ ದಿನ ಬದಲಾಯ್ತು ಅಂತ ತಾನೇ?” ಎಂದ.

ಸುಗಿಯೆ ಮಾತ್ರ ಹಲಗೆಯನ್ನು ಮೂರು ದಿನ ಇಟ್ಟುಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಸ್ನಾನದ ಮನೆಯ ಹಿಂದಿನ ಬಾಗಿಲಿಂದ ನನ್ನನ್ನು ಕೂಗಿದಳು.

“ಇಷ್ಟು ಬೇಗ ಎಲ್ಲರೂ ಒಪ್ಪಿದ್ರಾ? ಏನು ಆಸೆ ತೋರಿಸಿದೆ ಅವ್ರಿಗೆ?”

“ಏನೂ ಇಲ್ಲ. ಯಾರೂ ಓದಿಲ್ಲ ಅಕ್ಕಾ. ಮೊದಲನೇ ಸಲ ನಾನೂ ಓದಿರಲಿಲ್ಲ.”

“ನೀನು ಬರೆದಿದ್ದೀಯಲ್ಲ, ಕೇಳಿದೆ ಅಂತ. ನಿಜವಾಗ್ಲೂ?”

“ಐದು ಸಲ.”

“ಮೂವತ್ತು ವರ್ಷ ನಂಬದೇ ಇದ್ದೋಳು ಈಗ ಯಾಕೆ ನಂಬಿದೆ? ಏನೋ ಇದೆ ಇದರಲ್ಲಿ.”

ಎಂದವಳು ಏಪ್ರನ್ನಿನ ಜೇಬಿನಿಂದ ಮೊಹರು ತೆಗೆದು, ಕೈಯನ್ನು ಚೆನ್ನಾಗಿ ಒರೆಸಿಕೊಂಡು ಒತ್ತಿದಳು. ಒತ್ತಿ, ಊದಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಒಂದು ಉದ್ದ ಹಿಡಿಯ ಬ್ರಷ್ಷನ್ನು ನನ್ನ ಕೈಗೆ ತುರುಕಿದಳು.

ಮೂರು ಗಂಟೆಗೆ ಗಿರಾಕಿಗಳಿಗೆ ಬಾಗಿಲು ತೆರೆಯಬೇಕು. ನಾನು ಹೆಂಗಸರ ಕಡೆಯ ನೆಲ ಉಜ್ಜಿದೆ, ಅವಳು ಗೋಡೆಯಾಚೆ ಗಂಡಸರ ಕಡೆಯದು. ಸೂರು ಮುಟ್ಟದ ಆ ಗೋಡೆಯ ಮೇಲಿಂದ ಅವಳ ಗುನುಗು ದಾಟಿ ಬರುತ್ತಿತ್ತು. ಸಾಲಿನ ನಡುವೆ ಚುರ್ರೆಂದಿತು. ನಾನು ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ ಮೂಲೆಯ ಪಾಚಿಗೆ ಹಾಕಿದೆ.