ಗೇಣಿಗೆ ಸಿಕ್ಕ ಹೆಸರು

ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಎರೆಯುವಾಗ ಫೋನು ಮುಟ್ಟಬಾರದು ಎಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೇನೆ. ತೆಳ್ಳೇವಿಗೆ ಮೈಯೆಲ್ಲ ಮಾನ. ಅರೆಗಳಿಗೆ ಮುಖ ತಿರುಗಿಸಿದರೂ ಸಿಟ್ಟಿನಿಂದ ಕಪ್ಪಾಗಿಬಿಡುತ್ತದೆ. ಆದರೂ ಇವತ್ತು ಬೆಳಿಗ್ಗೆ ಫೋನು ಟುಂಯ್ ಎಂದಾಗ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ನೋಡಿಯೇಬಿಟ್ಟೆ. ನಮ್ಮ ಕುಟುಂಬದ ಗುಂಪಿಗೆ ಸುಬ್ರಾಯ ಭಾವನ ಸಂದೇಶ. ಒಂದು ಇಂಗ್ಲಿಷ್ ಪತ್ರದ ಫೋಟೋ, ಅದರ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಅಡ್ಡಗೆರೆ, ಕೆಳಗೆ: 'ಇಂಥ ಪತ್ರ ಬಂದರೆ ನಂಬಬೇಡಿ. ಮೋಸಗಾರರಿದ್ದಾರೆ. ಎಲ್ಲರಿಗೂ ಕಳಿಸಿ.' ಆಗಲೇ ಏಳು ಜನ ಕೈ ಮುಗಿದಾಗಿತ್ತು.

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದೆ. ಪತ್ರದ ಬಲಮೂಲೆಯಲ್ಲಿ ಒಂದು ದುಂಡು ಕಲೆ. ಆ ಕಲೆ ನನಗೆ ಗೊತ್ತು. ಅದು ನಮ್ಮ ಮನೆಯ ಕಷಾಯದ ಲೋಟದ್ದು. ಅಂಚಿನಲ್ಲಿ ಒಂದು ಕಡೆ ನೆಗ್ಗಿದ ಲೋಟವಾದ್ದರಿಂದ ಅದರ ದುಂಡು ಎಲ್ಲಿ ಬಿದ್ದರೂ ಪೂರ್ತಿಯಾಗುವುದಿಲ್ಲ. ಎರಡು ವರ್ಷದ ಹಿಂದೆ ಆ ಲೋಟವನ್ನು ಆ ಪತ್ರದ ಮೇಲೆ ಇಟ್ಟವಳು ನಾನೇ.

ತೆಳ್ಳೇವು ಸೀದುಹೋಯಿತು. ಸೀಯಲಿ. ನಿಮಗೆ ಆ ಪತ್ರದ ಕಥೆ ಹೇಳುತ್ತೇನೆ.

ಕೋಲಸಿರ್ಸಿಯ ಗಂಗಕ್ಕ ಭತ್ತದ ತೆನೆಯಲ್ಲಿ ಬಾಗಿಲ ತೋರಣ ಹೆಣೆಯುತ್ತಾಳೆ. ಹಾಗೆಂದರೆ ಏನೂ ಹೇಳಿದಂತಾಗಲಿಲ್ಲ. ಹಸಿ ಆರಿದ, ಆದರೆ ಪೂರ್ತಿ ಒಣಗದ ತೆನೆಗಳನ್ನು ಆರಿಸಿ, ಹುಲ್ಲಿನ ಕಡ್ಡಿಯನ್ನು ಜಡೆಯ ಹಾಗೆ ಹೆಣೆದು, ಕಾಳು ಒಂದೂ ಉದುರದಂತೆ ಬಾಗಿಲಿಗೆ ಇಳಿಬಿಡುವ ವಿದ್ಯೆ ಅದು. ಅವಳ ತೋರಣಕ್ಕೆ ಗುಬ್ಬಿಗಳು ಬರುತ್ತವೆ. ಬೇರೆ ಯಾವ ಶಿಫಾರಸು ಬೇಕು? ಸಿರ್ಸಿಯ ನಮ್ಮ ಮನೆಗೆ ಮೊದಲ ಸಲ ತೋರಣ ತಂದಾಗ, ಪೇಪರಿನಲ್ಲಿ ಸುತ್ತಿಟ್ಟ ಇನ್ನೊಂದನ್ನು ತೋರಿಸಿ, "ಇದು ಹುಬ್ಬಳ್ಳಿಗೆ ಹೋಪುದ್ರಾ ಅಮ್ಮ, ಬಸ್ಸಲ್ಲಿ ಒಬ್ಳೇ ಹೋಗ್ತದೆ" ಎಂದು ಮಗಳ ವಿಷಯ ಹೇಳುವಂತೆ ಹೇಳಿದ್ದಳು.

ಈ ತೋರಣಗಳಿಗೆ ಅಂತರ್ಜಾಲದಲ್ಲಿ ಒಂದು ಹೆಸರು ಬೇಕು ಎಂದು ಹೊಳೆದದ್ದು ಸುಬ್ರಾಯ ಭಾವನಿಗೆ. ನನ್ನ ಯಜಮಾನರ ದೊಡ್ಡಪ್ಪನ ಮಗ, ಮತ್ತಿಘಟ್ಟದ ಹೆಗಡೆಯವರು. ಎಲ್ಲಿಯೋ ಒಂದು ದಿನದ ಶಿಬಿರಕ್ಕೆ ಹೋಗಿ ಚೀಲ, ಪೆನ್ನು ಮತ್ತು ಪ್ರಮಾಣಪತ್ರದೊಂದಿಗೆ ಬಂದಂದಿನಿಂದ ನಮ್ಮ ಬಳಗದಲ್ಲಿ ಕಂಪ್ಯೂಟರಿನ ವಿಷಯಕ್ಕೆ ಅವರದೇ ಕೊನೆಯ ಮಾತು. ಮೊದಲ ಮಾತೂ ಅವರದೇ, ನಡುವಿನದೂ.

ಸಭೆ ನಮ್ಮ ಮನೆಯಲ್ಲಿ ಮೂರು ಸಂಜೆ ನಡೆಯಿತು. ಭಾವ, ನಮ್ಮನೆಯವರು, ಮತ್ತು ಕಷಾಯ. ಗಂಗಕ್ಕನನ್ನು ಕರೆಯೋಣವೇ ಎಂದು ನಾನು ಕೇಳಿದ್ದಕ್ಕೆ ಭಾವ, "ಅವ್ಳಿಗೆ ಎಂತ ಗೊತ್ತಾಗ್ತು ತಂಗಿ? ಎಲ್ಲಾ ಆದ್ಮೇಲೆ ದೀಪ ಹಚ್ಚುಲೆ ಕರೆದ್ರಾತು" ಎಂದರು. ಹೆಸರಿನ ಕೊನೆಯಲ್ಲಿ ಡಾಟ್ ಕಾಮ್ ಇರಬೇಕೋ ಡಾಟ್ ಇನ್ ಇರಬೇಕೋ ಎಂಬುದಕ್ಕೆ ಒಂದೂವರೆ ಸಂಜೆ ಹೋಯಿತು. ಡಾಟ್ ಕಾಮ್ ಎಂದರೆ ದೊಡ್ಡ ಮನೆತನವಂತೆ, ಉಳಿದವೆಲ್ಲ ಅದರ ದಾಯಾದಿಗಳಂತೆ. ಜಾತಕ ಕೂಡಿಸುವ ಗಾಂಭೀರ್ಯದಲ್ಲಿ ಇಬ್ಬರೂ ತಲೆ ಆಡಿಸುತ್ತಿದ್ದರು. ಕೊನೆಗೆ 'ಗಂಗಕ್ಕನ ತೋರಣ ಡಾಟ್ ಇನ್' ಎಂದಾಯಿತು. ಡಾಟ್ ಕಾಮ್ ಕೈಬಿಟ್ಟದ್ದಕ್ಕೆ ಭಾವ ಎರಡು ದಿನ ಸೂತಕದ ಮುಖದಲ್ಲಿದ್ದರು.

ಆಮೇಲೆ ಅರ್ಜಿ. ಹೆಸರಿನ ಒಡೆಯರು ಯಾರು ಎಂಬ ಜಾಗದಲ್ಲಿ ಭಾವ ತಮ್ಮ ಹೆಸರನ್ನೇ ಒತ್ತಿದರು. ಇಮೇಲೂ ಅವರದೇ, ಫೋನ್ ನಂಬರೂ ಅವರದೇ.

"ಗಂಗಕ್ಕನ ಹೆಸರು ಹಾಕಕಾಗಿತ್ತನ ಭಾವ?" ಎಂದೆ.

"ಹೆಂಗಸ್ರ ಹೆಸರಲ್ಲಿ ಎಂತಕ್ಕೆ? ನಾಳೆ ಸಹಿ ಬೇಕು, ಆಧಾರ್ ಬೇಕು ಹೇಳಿ ಓಡಾಟ. ಆನು ಇದ್ನಲಿ."

ಅವರು ಇದ್ದರು. ಅದೇ ಆದ ಅನಾಹುತ. ಗುರುವಾರ ಒಳ್ಳೆಯ ಮುಹೂರ್ತದಲ್ಲಿ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು (ನೀರು ಕೀಲಿಗಳ ಮೇಲೆ ಬೀಳದಂತೆ ನಾನು ಟವೆಲು ಹಿಡಿದಿದ್ದೆ) ಗಂಗಕ್ಕನಿಂದ ದೀಪ ಹಚ್ಚಿಸಿದರು. ಅವಳು ಪರದೆಯ ಮೇಲೆ ತನ್ನ ಹೆಸರನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಪ್ರತಿ ತೋರಣಕ್ಕೂ ಆ ಹೆಸರು ಅಚ್ಚಾದ ಒಂದು ಚೀಟಿಯನ್ನು ದಾರದಲ್ಲಿ ಕಟ್ಟತೊಡಗಿದಳು. ದೂರದೂರದವರು ಚೀಟಿ ನೋಡಿ, ಹೆಸರು ಒತ್ತಿ, ಅಲ್ಲಿಂದಲೇ ತೋರಣ ಕೇಳತೊಡಗಿದರು.

ವರ್ಷ ತುಂಬುತ್ತ ಬಂದಾಗ ಆ ಪತ್ರ ಬಂತು. 'ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ, ನವೀಕರಿಸಿ.' ಒಂದಲ್ಲ, ನಾಲ್ಕು ಸಲ ಬಂತಂತೆ. ಭಾವ ಅದನ್ನು ಪ್ರಿಂಟು ತೆಗೆಸಿ ನಮ್ಮ ಮೇಜಿನ ಮೇಲೆ ಹರಡಿದರು.

"ನೋಡು, ಹೆಂಗೆ ಬರೆದ್ದ! ಒಂದ್ಸಲ ಖರೀದಿ ಮಾಡಿದ ಮೇಲೆ ಮತ್ತೆ ಎಂತಕ್ಕೆ ಕೇಳ್ತ? ತ್ವಾಟ ತಗಂಡ ಮೇಲೆ ವರ್ಷವರ್ಷ ಬಂದು ಖರೀದಿ ಮಾಡು ಹೇಳ್ತ್ವ ಯಾರಾದ್ರೂ?"

ನಾನು ಲೋಟ ಇಟ್ಟೆ. ಇಡುವಾಗ ಪತ್ರದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಯಾವ ಕಾಗದವನ್ನೂ ಕೊನೆಯ ಸಣ್ಣ ಅಕ್ಷರದಿಂದ ಓದು, ದೊಡ್ಡ ಅಕ್ಷರ ತಾನಾಗಿ ಓದಿಸಿಕೊಳ್ಳುತ್ತದೆ ಎನ್ನುತ್ತಿದ್ದರು. ಆ ಸಣ್ಣ ಅಕ್ಷರದಲ್ಲಿ ಭಾವ ಹೆಸರು ಕೊಂಡ ಕಂಪನಿಯದೇ ಹೆಸರಿತ್ತು. ಕೊಂಡ ತಾರೀಖೂ ಸರಿಯಾಗಿತ್ತು. ಪತ್ರ ಖರೆ ಇರಬಹುದು ಎಂದು ನನಗೆ ಅನಿಸಿತು. ಅನಿಸಿದ್ದನ್ನು ಕಷಾಯದ ಪಾತ್ರೆಯ ಜೊತೆ ಒಳಗೆ ತೆಗೆದುಕೊಂಡು ಹೋದೆ. ಭಾವನೆದುರು ಮಾತಾಡದ ಸೊಸೆ ಎಂಬ ಹೊಗಳಿಕೆ ನನಗೆ ಹದಿನೆಂಟು ವರ್ಷದಿಂದ ಸಿಗುತ್ತಿದೆ. ಅಗ್ಗದ ಹೊಗಳಿಕೆ, ಆದರೆ ಅಭ್ಯಾಸವಾಗಿಬಿಟ್ಟಿತ್ತು.

ಇಲ್ಲಿಗೇ ನಿಂತಿದ್ದರೆ ಭಾವ ಸಾಮಾನ್ಯ ದಡ್ಡರಾಗಿ ಉಳಿಯುತ್ತಿದ್ದರು. ಅವರು ಯಲ್ಲಾಪುರದ ಕಡೆ, ವಜ್ರಳ್ಳಿಯಲ್ಲಿ ಹೆಂಗಸರ ಸಂಘಕ್ಕೆ 'ಅಂತರ್ಜಾಲದ ಮೋಸಗಳು' ಎಂಬ ಉಪನ್ಯಾಸಕ್ಕೆ ಹೊರಟರು. ನನ್ನನ್ನು ಇಂಗ್ಲಿಷ್ ಶಬ್ದ ಬಿಡಿಸಿ ಹೇಳಲು, ಗಂಗಕ್ಕನನ್ನು ತೋರಣ ತೋರಿಸಲು ಜೀಪಿನಲ್ಲಿ ಹತ್ತಿಸಿಕೊಂಡರು. ಅಲ್ಲಿ ಮೈಕಿನ ಮುಂದೆ ನಿಂತು, ಮೋಸಕ್ಕೆ ಉದಾಹರಣೆ ಎಂದು ಎತ್ತಿ ಹಿಡಿದರು, ಯಾವುದನ್ನು? ಅದೇ ಪತ್ರವನ್ನು. ನಮ್ಮ ಲೋಟದ ಕಲೆ ಸಮೇತ.

ಹಿಂದಿನ ಬೆಂಚಿನಿಂದ ಗಂಗಕ್ಕ ಎದ್ದಳು.

"ಹೆಗಡೇರೆ, ಸಿಟ್ಟು ಮಾಡ್ಕಬ್ಯಾಡಿ. ಆ ಕಾಗದದಲ್ಲಿ ನನ್ನ ತೋರಣದ ಹೆಸ್ರು ಐತಲ್ರಾ?"

"ಹೌದು, ಅದೇ ಮೋಸ! ನಿಮ್ಮ ಹೆಸರು ಬಳಸಿ ನಿಮ್ಮನ್ನೇ ಹೆದರಿಸುವುದು."

"ಅಲ್ಲ, ವರ್ಷಕ್ಕೊಂದ್ಸಲ ಕಟ್ಟಬೇಕು ಅಂದ್ರೆ ಅದು ಗೇಣಿ ಅಲ್ರಾ? ನಾವು ತಗಂಡಿದ್ದು ಖರೀದಿನಾ, ಗೇಣಿನಾ?"

ಭಾವ ನಕ್ಕರು. ಸಭೆಯೂ ನಕ್ಕಿತು, ಮೈಕು ಹಿಡಿದವರು ನಕ್ಕರೆ ನಗುವುದು ನಮ್ಮ ಕಡೆಯ ಶಿಷ್ಟಾಚಾರ. "ಗೇಣಿ ಕಾಲ ಹೋತು ಗಂಗಮ್ಮ, ಇದು ಕಂಪ್ಯೂಟರ್ ಕಾಲ" ಎಂದರು. ಗಂಗಕ್ಕ ನನ್ನ ಕಡೆ ನೋಡಿದಳು. ನಾನು ನನ್ನ ಬಳೆಯನ್ನು ನೋಡಿಕೊಂಡೆ. ಒಂದರಲ್ಲಿ ಸಣ್ಣ ಬಿರುಕಿತ್ತು. ಈಗಲೂ ಆ ಬಿರುಕು ನೆನಪಿದೆ, ಯಾಕೆಂದರೆ ಆವತ್ತು ಅದರ ಹಿಂದೆ ಅಡಗಿ ಕೂತಿದ್ದೆ.

ದೀಪಾವಳಿಗೆ ಮೂರು ವಾರ ಇರುವಾಗ ಗಂಗಕ್ಕನ ಫೋನು ಬಂತು. ಹುಬ್ಬಳ್ಳಿಯ ಅಂಗಡಿಯವರು ಹೇಳಿದರಂತೆ, ಹೆಸರು ಒತ್ತಿದರೆ ಏನೂ ತೆರೆಯುವುದಿಲ್ಲ. ಚೀಟಿ ಕಟ್ಟಿದ ತೋರಣಗಳೆಲ್ಲ ಆಗಲೇ ಊರೂರಿಗೆ ಹೋಗಿದ್ದವು. "ಅಮ್ಮ, ಚೀಟಿ ಮೇಲೆ ನನ್ನ ಹೆಸ್ರು ಐತೆ, ಒತ್ತಿದ್ರೆ ನಾನು ಇಲ್ಲ. ಬೇರೆ ಯಾರಾದ್ರೂ ಬಂದು ಕೂತ್ಕಂಡ್ರೆ?"

ಆ ಮಧ್ಯಾಹ್ನ ನಾನು ಮೊದಲ ಸಲ ಈ ವಿಷಯವನ್ನು ಕುಳಿತು ಓದಿದೆ. ಎಷ್ಟು ಸರಳವಿತ್ತೆಂದರೆ ನಾಚಿಕೆಯಾಯಿತು. ಅಂತರ್ಜಾಲದ ಹೆಸರನ್ನು ಯಾರೂ ಕೊಳ್ಳುವುದೇ ಇಲ್ಲ. ದೊಡ್ಡ ದಫ್ತರು ಒಂದು ಕಡೆ ಇರುತ್ತದೆ; ಅಡಿಕೆಗೆ ದಲಾಲರಿರುವ ಹಾಗೆ ಹೆಸರಿಗೂ ದಲಾಲರಿರುತ್ತಾರೆ; ಅವರ ಮೂಲಕ ವರ್ಷದ ಲೆಕ್ಕದಲ್ಲಿ ಹಿಡಿಯುವುದು, ಅವಧಿ ತೀರುವ ಮೊದಲು ಮತ್ತೆ ಹಿಡಿಯುವುದು. ಪಹಣಿಯ ಹಾಗೆ ಯಾರ ಹೆಸರು ದಾಖಲಾಗಿದೆಯೋ ಅವರೇ ಹಕ್ಕುದಾರರು, ಅವರ ಇಮೇಲಿಗೇ ಪತ್ರ. ತಾರೀಖು ತಪ್ಪಿದರೂ ಕೆಲವು ದಿನದ ವಾಯಿದೆ ಇರುತ್ತದೆ. ಅದೂ ದಾಟಿದರೆ ಹೆಸರು ಬೀದಿಗೆ, ಮೊದಲು ಕೈ ಹಾಕಿದವರಿಗೆ. ಗಂಗಕ್ಕ ಹಿಂದಿನ ಬೆಂಚಿನಲ್ಲಿ ನಿಂತು ಒಂದೇ ಶಬ್ದದಲ್ಲಿ ಹೇಳಿದ್ದು ಇದನ್ನೇ. ಗೇಣಿ. ತಲೆತಲಾಂತರದಿಂದ ಖರೀದಿ ಪತ್ರ ಪೆಟ್ಟಿಗೆಯಲ್ಲಿಟ್ಟುಕೊಂಡ ಮನೆತನದವರಿಗೆ ಹೊಳೆಯದೇ ಹೋದ ಶಬ್ದ. ಅವಳಪ್ಪ ಗೇಣಿ ಮಾಡಿದವರು, ಕಾನೂನು ಬಂದ ಮೇಲೆ ಗದ್ದೆಗೆ ಒಡೆಯರಾದವರು. ಯಾವ ಕಾಗದ ಯಾರ ಹೆಸರಲ್ಲಿದೆ ಎಂದು ಮೊದಲು ಕೇಳಬೇಕೆಂಬುದು ಅವಳ ರಕ್ತದಲ್ಲೇ ಇದೆ.

ವಾಯಿದೆಯಲ್ಲಿ ನಾಲ್ಕು ದಿನ ಉಳಿದಿತ್ತು. ಭಾವನಿಗೆ ಫೋನು ಮಾಡಿದೆ. ಅವರ ಫೋನಿಗೊಂದು ಕೋಡ್ ಬರುತ್ತದೆ, ಅದನ್ನು ಹೇಳಿದರೆ ಹೆಸರೂ ಉಳಿಯುತ್ತದೆ, ಗಂಗಕ್ಕನ ಹೆಸರಿಗೂ ಆಗುತ್ತದೆ ಎಂದೆ.

"ಕೋಡ್ ಯಾರಿಗೂ ಹೇಳಲಾಗ ಹೇಳಿ ಆನೇ ಭಾಷಣ ಮಾಡಿದ್ದಿ. ವಿಚಾರ ಮಾಡಿ ಹೇಳ್ತೆ."

ಎರಡು ದಿನ ವಿಚಾರ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಗಂಗಕ್ಕ ಒಂದು ಹೊರೆ ತೆನೆ ತೆಗೆದುಕೊಂಡು ನನ್ನ ಜೊತೆ ಮತ್ತಿಘಟ್ಟದ ಬಸ್ಸು ಹತ್ತಿದಳು. ಭಾವನ ಮನೆಯ ಜಗಲಿಯ ಮೇಲೆ, ಅವರ ಆರಾಮಕುರ್ಚಿಯ ಪಕ್ಕವೇ ಕುಳಿತು, ಹೊರೆ ಬಿಚ್ಚಿ ಹೆಣೆಯತೊಡಗಿದಳು.

"ಎಂತದು ಗಂಗಮ್ಮ ಇದು?"

"ನಿಮ್ಗೆ ವಿಚಾರ ಮಾಡೂಕೆ ಹೊತ್ತು ಬೇಕಲ್ರಾ ಹೆಗಡೇರೆ. ಮಾಡಿ. ನನ್ಗೂ ಕೆಲ್ಸ ಐತೆ."

ದಾರಿಯಲ್ಲಿ ಹೋಗುವವರು ಇಣುಕಿದರು. ಭಾವ ಪೇಪರು ಓದಿದರು, ಅದನ್ನೇ ತಿರುಗಿ ಓದಿದರು. ಜಗಲಿಯ ತುಂಬ ಭತ್ತದ ಹೊಟ್ಟು ಹಾರಿ ಅವರ ಪಂಚೆಗೆ ಹತ್ತಿತು. ಗಂಗಕ್ಕ ತಲೆಯೆತ್ತದೆ ಅಂದಳು:

"ನನ್ನಪ್ಪ ಗೇಣಿ ರಸೀದಿ ಕೇಳೂಕೆ ಇಂಥ ಜಗಲಿ ಕೆಳ್ಗೆ ನಿಂತ್ಕಣ್ತಿದ್ದ. ನಾನು ಮೇಲೆ ಕೂತೀನಿ. ಅಷ್ಟೇ ನೋಡಿ ಫರಕು."

ಆಗ ನನ್ನ ಫೋನಿನಲ್ಲಿ ಕಂಪನಿಯ ಪುಟ ತೆರೆದು ಕೋಡ್ ಕೇಳಿದೆ, ಭಾವನ ಫೋನು ಟುಂಯ್ ಎಂದಿತು. ನಾನು ಬಾಯಿ ಬಿಟ್ಟೆ. ಹದಿನೆಂಟು ವರ್ಷದ ಹೊಗಳಿಕೆ ಹೋದರೆ ಹೋಗಲಿ ಎಂದುಕೊಂಡು, "ಭಾವ, ಕೋಡ್ ಬಂಜು. ಫೋನು ಕೊಡಿ" ಎಂದೆ.  ಕೈಯನ್ನೂ ಚಾಚಿದೆ. ಅವರು ಫೋನನ್ನು ನನ್ನ ಕೈಗೆ ಕೊಡದೆ ಕುರ್ಚಿಯ ಕೈ ಮೇಲಿಟ್ಟು ಒಳಗೆ ಹೋದರು. ಅಷ್ಟು ಸಾಕಿತ್ತು. ಕೋಡ್ ನೋಡಿ ವರ್ಷದ ಹಣ ಕಟ್ಟಿದೆ. ಒಡೆಯರ ಜಾಗದಲ್ಲಿ ನಾನು ಗಂಗಕ್ಕನ ಹೆಸರು ಒತ್ತಿದೆ. ಅವಳು ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ಕಾವಲು ಕಾದಳು.

ಈಗ ಪ್ರತಿವರ್ಷ ಪತ್ರ ಅವಳಿಗೇ ಬರುತ್ತದೆ. ಬಂದ ದಿನವೇ ಬಸ್ಸಿನಿಂದ ಕೂಗುತ್ತಾಳೆ, "ಅಮ್ಮ, ಗೇಣಿ ಕಟ್ಟಾತು!" ಭಾವನೂ ಬದಲಾಗಿದ್ದಾರೆಂದು ನಾನು ಭ್ರಮಿಸಿದ್ದೆ. ಇವತ್ತಿನ ಸಂದೇಶ ನೋಡಿದರೆ, ಅವರು ಎರಡು ವರ್ಷ ಆ ಕಾಗದವನ್ನು ಜೋಪಾನವಾಗಿ ಮಡಚಿಟ್ಟು, ಊರೂರಿಗೆ ಒಯ್ದು, ಅದೇ ಪಾಠ ಹೇಳುತ್ತಲೇ ಇದ್ದಾರೆ. ಅಜ್ಞಾನಕ್ಕೆ ಮಾತ್ರ ನವೀಕರಣ ಬೇಡ. ಅದು ನಿಜವಾದ ಖರೀದಿ, ವಂಶಪಾರಂಪರ್ಯ.

ಗುಂಪಿನಲ್ಲಿ ಕೈ ಮುಗಿದವರು ಈಗ ಹನ್ನೊಂದು. ಹಿಂದಾಗಿದ್ದರೆ ಹನ್ನೆರಡನೆಯದು ನನ್ನದು.

ಹಿಟ್ಟಿನ ಬೆರಳಲ್ಲೇ ಬರೆದೆ: 'ಭಾವ, ಆ ಪತ್ರ ಖರೆ. ಅದರ ಮೇಲಿನ ಕಲೆ ನಮ್ಮನೆ ಲೋಟದ್ದು. ಅದನ್ನು ನಂಬದೆ ಗಂಗಕ್ಕನ ಹೆಸರು ಕಳೆಯಹೊರಟವರು ನೀವು, ಗೊತ್ತಿದ್ದೂ ಸುಮ್ಮನಿದ್ದವಳು ನಾನು. ಎಲ್ಲರಿಗೂ ಕಳಿಸಿ.'

 ಬಾಗಿಲಲ್ಲಿ ಗುಬ್ಬಿಯೊಂದು ತೋರಣದಿಂದ ಕಾಳು ಕೀಳುವ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಸೀದ ತೆಳ್ಳೇವನ್ನು ಕೆರೆದು ತೆಗೆದು, ಕಾವಲಿಗೆ ಎಣ್ಣೆ ಸವರಿ, ಹೊಸದೊಂದನ್ನು ಎರೆದೆ. ಫೋನು ಟುಂಯ್ ಎಂದಿತು. ನೋಡಲಿಲ್ಲ.