ಬಸುರಿಯರಿಲ್ಲದ ಬೀದಿ

ಚಾಮರಾಜಪೇಟೆಯ ನಮ್ಮ ಹಿಂಬೀದಿಯಲ್ಲಿ ಬಸುರಿಯರೇ ಇಲ್ಲವೆಂದು ಮೇಲಿನವರು ತೀರ್ಮಾನಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಹಾಗೆಂದು ನಮ್ಮ ಸಣ್ಣ ಸರ್ಕಾರಿ ಆಸ್ಪತ್ರೆಗೆ ಗುರುವಾರಕ್ಕೊಮ್ಮೆ ಬರುತ್ತಿದ್ದ ಹೆರಿಗೆ ಡಾಕ್ಟರಮ್ಮನನ್ನು ಬೇರೆ ಕಡೆಗೆ ಹಾಕಿಬಿಟ್ಟರು. ಲೆಕ್ಕ ಬರುತ್ತಿದ್ದದ್ದು ಹೇಗೆ? ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳುವುದು, ಅತ್ತೆಯಂದಿರು "ಯಾರೂ ಇಲ್ಲಮ್ಮ" ಅನ್ನುವುದು, ಆಕೆ ಹಾಗೇ ಬರೆದುಕೊಳ್ಳುವುದು. ದೃಷ್ಟಿಯಾಗುತ್ತದೆಂದು ಸೀಮಂತದವರೆಗೆ ಬಸುರನ್ನು ಬಚ್ಚಿಡುವ ಮಂದಿ ನಾವು. ಒಳಗೆ ಬಂದು ಕೂತು ನಾಲ್ಕು ಮಾತಾಡಿದ್ದರೆ ತಿಳಿಯುತ್ತಿತ್ತು. ಅಷ್ಟು ಪುರಸೊತ್ತು ಯಾರಿಗಿತ್ತು?

ನನಗೆ ತಲೆಕೆಟ್ಟದ್ದು ಪಕ್ಕದ ಮನೆಯ ಸೊಸೆಯಿಂದ. ಹಿಂದೊಂದು ಸಲ ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡಿದ್ದಳು, ಈಗ ಮತ್ತೆ ಆರು ತಿಂಗಳು. ಮಹಡಿಯ ಮೇಲೆ ಬಟ್ಟೆ ಹರವುವಾಗ ಸೀರೆ ಎತ್ತಿ ಪಾದ ತೋರಿಸಿದಳು. "ಅಕ್ಕಾ, ಚಪ್ಪಲಿನೇ ಹಿಡೀತಿಲ್ಲ ನೋಡಿ. ತಲೆ ಬೇರೆ ಸಿಡೀತಿರುತ್ತೆ. ಅತ್ತೆ ಮೊದ್ಲು ಸೀಮಂತ ಆಗ್ಲಿ ಅಂತಾರೆ." ಸೀಮಂತದವರೆಗೆ ಕಾಯುವ ಬಾವು ಅದಾಗಿರಲಿಲ್ಲ. ಖಾಸಗಿ ಡಾಕ್ಟರಿಗೆ ತೋರಿಸುವ ಅನುಕೂಲ ಆ ಮನೆಗಿರಲಿಲ್ಲ, ಇದ್ದ ಒಬ್ಬ ಡಾಕ್ಟರಮ್ಮನನ್ನೂ ಕಿತ್ತುಕೊಂಡಿದ್ದರು.

ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಆಸ್ಪತ್ರೆಯ ಬಗ್ಗೆ ಜನರ ಅಭಿಪ್ರಾಯ ಕೇಳುತ್ತೇವೆಂದು, ನಾನು ಪಾಠ ಹೇಳುತ್ತಿದ್ದ ಶಾಲೆಯ ಅಂಗಳದಲ್ಲೇ ಒಂದು ಸಭೆ ಕರೆದರು. ಶಾಮಿಯಾನ, ಹಾರ, ಬಾದಾಮಿ ಹಾಲು ಎಲ್ಲ ಇದ್ದವು. ಅಧಿಕಾರಿಯೇ ಮಾತಾಡಿದರು, ನಾವು ಕೇಳಿದೆವು. ಇವರ ಭಾಷೆಯಲ್ಲಿ ಜನರ ಅಭಿಪ್ರಾಯವೆಂದರೆ ಇದು.

ನಮ್ಮ ಹೆಂಗಸರು ಸಭೆಯಲ್ಲಿ ಬಾಯಿಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆಯೇ ನೆಲದ ಮೇಲೆ ರಂಗೋಲಿಯಲ್ಲಿ ಇಡೀ ಬೀದಿ ಬರೆದಿಟ್ಟಿದ್ದೆ. ಬಸುರಿ ಇರುವ ಮನೆಯ ಮೇಲೆ ಒಂದು ಅವರೆಕಾಳು ಇಡಿ, ಬಾಯಲ್ಲಿ ಹೇಳುವುದು ಬೇಡ ಅಂದೆ. ಒಬ್ಬೊಬ್ಬರಾಗಿ ಬಗ್ಗಿ ಇಟ್ಟರು. ಪಕ್ಕದ ಮನೆಯ ಅತ್ತೆ ಮಾತ್ರ ಸೊಸೆಯ ಕೈ ಹಿಡಿದುಕೊಂಡು ಅಲುಗಾಡಲಿಲ್ಲ.

ಅಧಿಕಾರಿ ನಕ್ಕರು. "ಚೆನ್ನಾಗಿದೆ ಮೇಡಂ. ಆದ್ರೆ ಕಾಳು ಇಟ್ರೆ ದಾಖಲೆ ಆಗಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಸೊಸೆ ಕೈ ಬಿಡಿಸಿಕೊಂಡು ಮುಂದೆ ಬಂದಳು. "ನಾನು ಎದುರಿಗೇ ನಿಂತಿದೀನಲ್ಲ ಸಾರ್. ಆರು ತಿಂಗಳು. ಬರ್ಕೊಳ್ಳಿ."

ಬರೆದುಕೊಳ್ಳಲೇಬೇಕಾಯಿತು. ಅದೇ ವಾರದ ಗುರುವಾರ ಡಾಕ್ಟರಮ್ಮ ವಾಪಸ್ ಬಂದರು. ಇವಳ ಬಿ.ಪಿ. ನೋಡಿದವರೇ ಈಗಲೇ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದು ಚೀಟಿ ಬರೆದುಕೊಟ್ಟರು.

ಆಟೋ ಹತ್ತುವಾಗ ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಯಾರಾದ್ರೂ ಕೇಳಿದ್ರೆ ತವರಿಗೆ ಹೋಗಿದಾಳೆ ಅನ್ನಿ" ಅಂದರು. ಮೈಯೆಲ್ಲ ಉರಿದುಹೋಯಿತು. ಆ ಸಂಜೆ ಮನೆಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಂದೆ. ಮುಂದಿನ ಗುರುವಾರ ಡಾಕ್ಟರಮ್ಮನ ಬಾಗಿಲಲ್ಲಿ, ಸಭೆಯಲ್ಲಿ ಕಾಳನ್ನೂ ಇಡದ ಇಬ್ಬರು ಸೊಸೆಯರು ನಿಂತಿದ್ದರು. ಜೊತೆಗೆ ಅವರ ಅತ್ತೆಯರೂ ಬಂದಿದ್ದರು.